ನಿಮಗಿದು ಗೊತ್ತೆ? ರಾಣಿಯ ಪತ್ರಕ್ಕೆ ಮಸಿ ಬಳಿದವರಾರು?

ಫ್ರಾನ್ಸ್ ಕ್ರಾಂತಿಯ ಬಿಸಿಯಲ್ಲಿದ್ದಾಗ ರಾಣಿ ಮರಿ ಆಂಟೊನೆಟ್ ಮತ್ತು ಸ್ವೀಡನ್ನಿನ ಕೌಂಟ್ ಆಕ್ಸೆಲ್ ಫೆರ್ಸನ್ ಗುಟ್ಟಾಗಿ ಪತ್ರ ಬರೆದುಕೊಳ್ಳುತ್ತಿದ್ದರು. ಅರಮನೆಯ ಸುತ್ತ ಕಾವಲು. ಹಾಗಾಗಿ ಎಷ್ಟೋ ಪತ್ರಗಳು ಸಂಕೇತಲಿಪಿಯಲ್ಲಿದ್ದವು.

ಉಳಿದುಬಂದ ಪತ್ರಗಳ ಕೆಲವು ಸಾಲುಗಳ ಮೇಲೆ ಯಾರೋ ದಟ್ಟವಾಗಿ ಶಾಯಿ ಗೀಚಿದ್ದರು. ಸಾಲದೆಂಬಂತೆ ಮೂಲ ಬರಹದ ಮೇಲೆ ಬೇರೆ ಅಕ್ಷರಗಳನ್ನೂ ತುರುಕಿದ್ದರು. ಇದು ಮನೆತನದ ಮರ್ಯಾದೆಗೆ ಅಂಜಿದ ಫೆರ್ಸನ್ ವಂಶಸ್ಥರ ಕೆಲಸ ಎಂಬ ಗುಮಾನಿ ಬಹುಕಾಲ ಇತ್ತು. ಪ್ಯಾರಿಸ್‌ನ ಸಂಶೋಧಕರು ಪತ್ರಗಳ ಮೇಲೆ ಎಕ್ಸ್-ರೇ ಹಾಯಿಸಿ, ಎರಡು ಶಾಯಿಗಳಲ್ಲಿದ್ದ ತಾಮ್ರ, ಕಬ್ಬಿಣದ ಪ್ರಮಾಣದ ವ್ಯತ್ಯಾಸ ಹಿಡಿದು, 15 ಪತ್ರಗಳ ಪೈಕಿ 8ರಲ್ಲಿ ಅಡಗಿದ್ದ ಮಾತುಗಳನ್ನು ಓದಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಳಗಿದ್ದದ್ದು ಆರಾಧನೆಯ, ಹುಚ್ಚು ಪ್ರೀತಿಯ ಮಾತುಗಳು. ಗೀಚಿದ್ದು? ಸ್ವತಃ ಫೆರ್ಸನ್! ಸುಟ್ಟುಬಿಟ್ಟಿದ್ದರೆ ಗುಟ್ಟು ಉಳಿಯುತ್ತಿತ್ತು, ಮನಸ್ಸು ಬರಲಿಲ್ಲವೇನೋ.

1791ರ ಜೂನ್ 20ರ ರಾತ್ರಿ ರಾಜಕುಟುಂಬ ಪ್ಯಾರಿಸ್ ಬಿಟ್ಟು ಓಡಿದಾಗ ಗಾಡಿಕಾರನ ವೇಷ ತೊಟ್ಟು ಸಾರೋಟು ಹೊಡೆದವನೂ ಇವನೇ. ದೊರೆ 16ನೇ ಲೂಯಿಗೆ ಸೇವಕನ ವೇಷ, ಪುಟ್ಟ ಯುವರಾಜನಿಗೆ ಹೆಣ್ಣುಮಗುವಿನ ಉಡುಪು! ಬೋಂಡಿಯಲ್ಲಿ ಫೆರ್ಸನ್ ಬೀಳ್ಕೊಂಡ. ಮರುರಾತ್ರಿ ವರೆನ್ ಊರಲ್ಲಿ ಎಲ್ಲರೂ ಸಿಕ್ಕಿಬಿದ್ದರು.

ರಾಣಿಯ ತಲೆ 1793ರಲ್ಲಿ ಗಿಲೊಟಿನ್‌ಗೆ ಹೋಯಿತು. ಸ್ವೀಡನ್ನಿನ ಯುವರಾಜನಿಗೆ ವಿಷವಿಕ್ಕಿದನೆಂಬ ಸುಳ್ಳು ವದಂತಿಗೆ ಸಿಕ್ಕ ಫೆರ್ಸನ್‌ನನ್ನು ಸ್ಟಾಕ್‌ಹೋಮ್‌ನ ಬೀದಿಯಲ್ಲಿ ಜನರ ಗುಂಪು ತುಳಿದು ಕೊಂದಿತು. ಅಂದೂ ಜೂನ್ 20, ವರ್ಷ 1810.