ಪಿಕಪ್ ಇಂಡಿಕೇಟರ್ ‘ಟಿಕ್ ಟಿಕ್’ ಸದ್ದು ಜೋರಾಗಿದೆಯೇ? ಬಲ್ಬ್ ಬದಲಿಸುವ ಮುನ್ನ ಹೋಲ್ಡರ್ ನೋಡಿ

ಮುಂಬೈ: ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದಾಗ ಎಂದಿನ ನಿಧಾನದ ‘ಟಿಕ್ ಟಿಕ್’ ಬದಲು ಅವಸರದ ಸದ್ದು ಕೇಳಿಸುತ್ತಿದೆಯೇ? ಹಾಗಿದ್ದರೆ ಆ ಬದಿಯ ಒಂದು ಬಲ್ಬ್ ಉರಿಯುತ್ತಿಲ್ಲ ಎಂದೇ ತಿಳಿಯಬೇಕು. ಟಾಟಾ 207, ಹಳೆಯ ಬೊಲೆರೊ ಪಿಕಪ್ ಓಡಿಸುವವರಿಗೆ ಇದು ಪರಿಚಿತ ತೊಂದರೆ. ಎರಡೂ ಕಡೆ ಬಲ್ಬ್ ಸರಿ ಇದ್ದಾಗ ಹರಿಯುವಷ್ಟು ಕರೆಂಟ್ ಈಗ ಹರಿಯುವುದಿಲ್ಲ. ಇದನ್ನು ಗುರುತಿಸುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ರಿಲೇ ವೇಗ ಹೆಚ್ಚಿಸಿ ಚಾಲಕನನ್ನು ಎಚ್ಚರಿಸುತ್ತದೆ. ತೀರಾ ಹಳೆಯ ಫ್ಲ್ಯಾಷರ್ ಇದ್ದರೆ ದೀಪ ಮಿನುಗದೆ ಸುಮ್ಮನೆ ಉರಿದು ನಿಲ್ಲುವುದೂ ಉಂಟು.

ವಾಶಿ ಎಪಿಎಂಸಿಯಿಂದ ನಸುಕಿನಲ್ಲೇ ತರಕಾರಿ ತುಂಬಿಕೊಂಡು ದಾದರ್, ಮಾಟುಂಗಾ, ಅಂಧೇರಿ ಕಡೆಗೆ ಹೊರಡುವ ಪಿಕಪ್‌ಗೆ ಇದು ಸಣ್ಣ ವಿಷಯವಲ್ಲ. ಟಾರ್ಪಾಲಿನ್ ಹೊದಿಸಿದ ಲೋಡ್ ಹಿಂಭಾಗವನ್ನು ಮರೆಮಾಡುತ್ತದೆ. ಟ್ರಾಫಿಕ್‌ನಲ್ಲಿ ಬೈಕ್, ಸ್ಕೂಟರ್‌ಗಳು ಎಡಗಡೆಯಿಂದಲೇ ನುಗ್ಗುತ್ತವೆ. ಅವರಿಗೆ ಸಿಗುವ ಮುನ್ಸೂಚನೆ ಆ ಹಳದಿ ದೀಪವೊಂದೇ.

ಯಾವ ಬಲ್ಬ್ ಬೇಕು?

ಇಂಥ ವಾಹನಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 21 ವ್ಯಾಟ್‌ನ ಒಂದೇ ತಂತಿಯ ಬಲ್ಬ್. ಇದರಲ್ಲಿ ಎರಡು ಬಗೆ. ಲೆನ್ಸ್ ಕೇಸರಿ-ಹಳದಿ ಬಣ್ಣದ್ದಾದರೆ ಬಿಳಿ ಗಾಜಿನ ‘ಪಿ21ಡಬ್ಲ್ಯು’, ಲೆನ್ಸ್ ಪಾರದರ್ಶಕವಾಗಿದ್ದರೆ ಹಳದಿ ಗಾಜಿನ ‘ಪಿವೈ21ಡಬ್ಲ್ಯು’. ಮೊದಲನೆಯದರ ಪಿನ್‌ಗಳು ನೇರ ಎದುರುಬದುರು ಇರುತ್ತವೆ, ಎರಡನೆಯದರಲ್ಲಿ ತುಸು ಓರೆ. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದೆಂದೇ ಈ ವ್ಯವಸ್ಥೆ. ಪಿನ್ ಉಜ್ಜಿ ಹೇಗೋ ಕೂರಿಸಿದರೆ ಪಾರದರ್ಶಕ ಲೆನ್ಸ್‌ನಲ್ಲಿ ಬಿಳಿ ಬೆಳಕು ಮಿನುಗುತ್ತದೆ. ಅದು ನಿಯಮಕ್ಕೆ ವಿರುದ್ಧ. ಕುರ್ಲಾದ ಸಿಎಸ್‌ಟಿ ರೋಡ್‌ನ ಬಿಡಿಭಾಗದ ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನೇ ಜೇಬಿನಲ್ಲಿ ಹಾಕಿಕೊಂಡು ಹೋದರೆ ಗೊಂದಲವೇ ಇಲ್ಲ.

ಬದಲಿಸುವುದು ಕಷ್ಟವಲ್ಲ. ಇಗ್ನಿಷನ್ ಆಫ್ ಮಾಡಿ, ಬಲ್ಬ್ ತಣ್ಣಗಾಗಲು ಬಿಡಿ. ಹಿಂಬದಿಯ ಲೆನ್ಸ್ ಬಹುತೇಕ ಹೊರಗಿನ ಸ್ಕ್ರೂಗಳ ಮೇಲೆಯೇ ನಿಂತಿರುತ್ತದೆ. ಸ್ಕ್ರೂ ಬಿಚ್ಚಿ, ಬಲ್ಬನ್ನು ಬಟ್ಟೆಯಿಂದ ಹಿಡಿದು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಹೊರಬರುತ್ತದೆ.

ಅಸಲಿ ಶತ್ರು ತುಕ್ಕು

ಹೊಸ ಬಲ್ಬ್ ಹಾಕಿದರೂ ದೀಪ ಉರಿಯದಿದ್ದರೆ? ಮುಂಬೈನಲ್ಲಿ ಇದೇ ಹೆಚ್ಚು ಕಾಡುವ ಪ್ರಶ್ನೆ. ಸಮುದ್ರದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಹಿಂದ್‌ಮಾತಾ, ಮಿಲನ್ ಸಬ್‌ವೇಯಂಥ ಕಡೆ ನಿಲ್ಲುವ ನೀರು ಎಲ್ಲವೂ ಸೇರಿ ಹೋಲ್ಡರ್ ಒಳಗೆ ಹಸಿರು-ಬಿಳಿ ಪುಡಿ ಕಟ್ಟುತ್ತದೆ. ನಯವಾದ ಉಪ್ಪುಕಾಗದದಿಂದ ಅದನ್ನು ಉಜ್ಜಿ, ತಳದ ಸ್ಪ್ರಿಂಗ್ ಪುಟಿಯುತ್ತಿದೆಯೇ ನೋಡಬೇಕು.

ಇನ್ನೊಂದು ಗುಟ್ಟು: ಇಂಡಿಕೇಟರ್ ಹಾಕಿದಾಗ ಹಿಂಬದಿಯ ಕೆಂಪು ದೀಪವೂ ಮಂದವಾಗಿ ಮಿನುಗಿದರೆ ದೋಷ ಬಲ್ಬ್‌ನದಲ್ಲ, ಅರ್ಥ್ ತಂತಿಯದು. ಚಾಸಿಗೆ ಬೋಲ್ಟ್ ಆದ ಜಾಗದ ತುಕ್ಕು ತೆಗೆದು ಬಿಗಿ ಮಾಡಿದರೆ ಸಾಕು. ಲೆನ್ಸ್‌ನ ರಬ್ಬರ್ ಗ್ಯಾಸ್ಕೆಟ್ ಹರಿದಿದ್ದರೆ ಬದಲಿಸಿ. ಆದರೆ ನೀರು ಬರುತ್ತದೆಂದು ಲೆನ್ಸ್ ತಳದ ಸಣ್ಣ ರಂಧ್ರವನ್ನು ಸಿಲಿಕೋನ್‌ನಿಂದ ಮುಚ್ಚಬೇಡಿ. ಒಳಗಿನ ನೀರು ಹೊರಹೋಗಲು ಇರುವ ದಾರಿಯೇ ಅದು.

ಎಲ್‌ಇಡಿ ಹಾಕಬಹುದೇ?

ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದರಿಂದ ಹಳೆಯ ಫ್ಲ್ಯಾಷರ್‌ಗೆ ಬಲ್ಬ್ ಕೆಟ್ಟಂತೆಯೇ ಕಾಣುತ್ತದೆ, ಮತ್ತೆ ಅದೇ ಅವಸರದ ಸದ್ದು. ಅದಕ್ಕೆ ಹೊಂದುವ ಫ್ಲ್ಯಾಷರ್ ಬೇಕಾಗುತ್ತದೆ. ಹಳೆಯ ಗಾಡಿಗೆ ಸಾದಾ ಬಲ್ಬೇ ಲೇಸು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಎಂಟು ವರ್ಷ ದಾಟಿದ ಸರಕು ವಾಹನಗಳು ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ನವೀಕರಿಸಬೇಕು, ಅಲ್ಲಿ ದೀಪಗಳ ತಪಾಸಣೆಯೂ ಇದೆ. ನೂರು ರೂಪಾಯಿಯೂ ಆಗದ ಬಲ್ಬ್‌ಗಾಗಿ ವಾಪಸ್ ಕಳುಹಿಸಿದರೆ ಒಂದು ದಿನದ ಬಾಡಿಗೆ ಹೋದಂತೆ. ತಪಾಸಣೆಯ ಹಿಂದಿನ ಸಂಜೆ ಹಜಾರ್ಡ್ ಸ್ವಿಚ್ ಒತ್ತಿ ಗಾಡಿಗೆ ಒಂದು ಸುತ್ತು ಹಾಕಿ. ಹಜಾರ್ಡ್‌ನಲ್ಲಿ ಎಲ್ಲ ದೀಪಗಳೂ ಮಿನುಗಿ, ತಿರುವಿನ ಲಿವರ್‌ಗೆ ಮಾತ್ರ ಯಾವುದೂ ಉರಿಯದಿದ್ದರೆ ಬಲ್ಬ್ ಬಿಟ್ಟು ಫ್ಯೂಸ್ ಮತ್ತು ಲಿವರ್ ಸ್ವಿಚ್ ಕಡೆ ನೋಡಿ.