ಆನ್‌ಲೈನ್ ಅಂಗಡಿ: ಮೊದಲು ದಾಸ್ತಾನು, ಆಮೇಲೆ ಅಲಂಕಾರ

ಆನ್‌ಲೈನ್ ಅಂಗಡಿ ತೆರೆಯುವವರು ಮೊದಲು ತಲೆ ಕೆಡಿಸಿಕೊಳ್ಳುವುದು ಪುಟದ ಅಂದಚಂದಕ್ಕೆ. ಹೆಡ್‌ಲೆಸ್ ವೇದಿಕೆಯಲ್ಲಿ ಈ ಕ್ರಮ ಹೊಂದುವುದಿಲ್ಲ. ಇಲ್ಲಿ ಗ್ರಾಹಕ ನೋಡುವ ಪುಟ ಬೇರೆ. ಸರಕು, ಬೆಲೆ, ಆರ್ಡರ್‌ಗಳ ಲೆಕ್ಕ ಇಡುವ ಸರ್ವರ್ ಬೇರೆ. ಎರಡನ್ನೂ ಜೋಡಿಸುವುದು ಎಪಿಐ. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಮೆಡೂಸಾ ಇಂಥದ್ದೊಂದು ಮುಕ್ತ ತಂತ್ರಾಂಶ. ನೋಡ್ ಜೆಎಸ್ ಮತ್ತು ಪೋಸ್ಟ್‌ಗ್ರೆಸ್ ಇರುವ ಕಂಪ್ಯೂಟರಿನಲ್ಲಿ ಒಂದೇ ಸಾಲಿನ ಕಮಾಂಡ್ ಕೊಟ್ಟರೆ ಸರ್ವರ್, ಅಡ್ಮಿನ್ ಪುಟ ಎರಡೂ ಸಿದ್ಧ. ಹೊಸಬರು ಎಡವುವುದು ಅದರ ನಂತರ. ಇಳಕಲ್ ಸೀರೆಯೊಂದನ್ನು ಸೇರಿಸುತ್ತಾರೆ, ಅದು ಪುಟದಲ್ಲಿ ಕಾಣುವುದೇ ಇಲ್ಲ, ಕಂಡರೂ ಬೆಲೆ ಇರುವುದಿಲ್ಲ. ಇದನ್ನು ತಪ್ಪಿಸಲು ಅಡ್ಮಿನ್ ಪುಟದಲ್ಲಿ ಭಾರತವನ್ನು ಒಂದು ಪ್ರದೇಶವಾಗಿ ಸೇರಿಸಿ ರೂಪಾಯಿಯನ್ನು ಅದರ ಕರೆನ್ಸಿಯಾಗಿ ಆರಿಸಬೇಕು. ಸೀರೆಗೆ ರೂಪಾಯಿ ಬೆಲೆ ಬರೆದು, ಅದನ್ನು ಮಾರಾಟದ ಚಾನೆಲ್‌ಗೆ ಸೇರಿಸಬೇಕು. ಆ ಚಾನೆಲ್‌ನ ಕೀಲಿಯನ್ನು ಪುಟವು ಪ್ರತಿ ಕೋರಿಕೆಯೊಡನೆ ಕಳಿಸಬೇಕು. ಈ ಕಟ್ಟುನಿಟ್ಟೇ ಮೆಡೂಸಾದ ಬಲ ಎಂಬುದು ನನ್ನ ವಾದ. ಒಂದೇ ದಾಸ್ತಾನಿನಿಂದ ಜಾಲತಾಣಕ್ಕೊಂದು, ಮೊಬೈಲ್ ಆ್ಯಪ್‌ಗೊಂದು, ಸಗಟು ಖರೀದಿದಾರರಿಗೊಂದು ಪಟ್ಟಿ ಕೊಡಲು ಸಾಧ್ಯವಾಗುವುದು ಇದರಿಂದಲೇ.

ತಿಂಗಳ ಬಾಡಿಗೆಗೆ ಸಿದ್ಧ ವೇದಿಕೆಗಳು ಸಿಗುವಾಗ ಈ ತಾಪತ್ರಯ ಏಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕೋಡ್ ಉಚಿತ, ನಿಜ. ಸರ್ವರ್, ಬ್ಯಾಕಪ್, ಭದ್ರತಾ ಅಪ್‌ಡೇಟ್, ಡೆವಲಪರ್‌ನ ಸಂಬಳ ಉಚಿತವಲ್ಲ. ನಾಲ್ಕಾರು ಬಗೆಯ ಉಪ್ಪಿನಕಾಯಿ ಮಾರುವವರಿಗೆ ಬಾಡಿಗೆಯದೇ ಲೇಸು. ಆದರೆ ಗಜದ ಲೆಕ್ಕದಲ್ಲಿ ಬಟ್ಟೆ ಮಾರುವವರ, ಗ್ರಾಹಕರಿಗೆ ತಕ್ಕಂತೆ ದರ ಬದಲಿಸುವವರ ವ್ಯವಹಾರ ಸಿದ್ಧ ಚೌಕಟ್ಟಿಗೆ ಸುಲಭವಾಗಿ ಕೂರುವುದಿಲ್ಲ. ಅಂಥವರು ಮೊದಲು ಹತ್ತೇ ಸರಕು ಹಾಕಿ, ಒಂದು ಪರೀಕ್ಷಾ ಆರ್ಡರನ್ನು ಪಾವತಿಯಿಂದ ಹಣ ವಾಪಸಾತಿಯವರೆಗೆ ನಡೆಸಿ ನೋಡಲಿ. ವಿನ್ಯಾಸಕಾರರನ್ನು ಕರೆಯುವುದು ಅದಾದ ಮೇಲೆ.