ಮೆಟಲ್ ಫಿಗರ್‌ಗೆ ದುಪ್ಪಟ್ಟು ದುಡ್ಡು ಕೊಡಬೇಕಾ? ಅಪ್ಪನ ಅಂಗಡಿ ತಕ್ಕಡಿಯ ಉತ್ತರ

ನಾನು ಎರಡನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿ. ಊರು ಹಿರಿಯೂರು ತಾಲ್ಲೂಕಿನ ಐಮಂಗಲ. ಬೆಂಗಳೂರಿಂದ ಚಿತ್ರದುರ್ಗಕ್ಕೆ ಬಸ್ಸಲ್ಲಿ ಹೋಗಿದ್ದರೆ ಹಿರಿಯೂರು ದಾಟಿದ ಮೇಲೆ ಹೈವೇ ಪಕ್ಕದಲ್ಲೇ ನಮ್ಮೂರು ಸಿಕ್ಕಿರುತ್ತೆ, ನೀವು ನಿದ್ದೆ ಮಾಡ್ತಿದ್ದಿರಬಹುದು ಅಷ್ಟೇ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ಏನಂದ್ರೆ, ನಮ್ಮ ಹಾಸ್ಟೆಲಲ್ಲಿ ಆಕ್ಷನ್ ಫಿಗರ್ ಹುಚ್ಚು ಇರುವವರು ಕಮ್ಮಿ ಅಂದ್ರೂ ಹತ್ತು ಜನ ಇದ್ದಾರೆ. ಅವರಲ್ಲಿ ಯಾವಾಗಲೂ ನಡೆಯುವ ಜಗಳ ಒಂದೇ: ಪ್ಲಾಸ್ಟಿಕ್ ಫಿಗರ್ ಸಾಕಾ, ಅಥವಾ ದುಪ್ಪಟ್ಟು ದುಡ್ಡು ಕೊಟ್ಟು ಮೆಟಲ್ ತಗೋಬೇಕಾ? ಈ ಜಗಳದಲ್ಲಿ ನಾನು ಮೆಟಲ್ ಪಾರ್ಟಿ ಆಗಿದ್ದೆ. ಆರು ತಿಂಗಳು ಕ್ಯಾಂಟೀನ್ ಖರ್ಚು ಉಳಿಸಿ ಒಂದು ರೋಬೋ ಫಿಗರ್ ತಗೊಂಡೆ, 3,400 ರೂಪಾಯಿ. ಅದೇ ರೋಬೋದ ಪ್ಲಾಸ್ಟಿಕ್ ಆವೃತ್ತಿಗೆ 1,600 ಇತ್ತು. ತಗೊಂಡಿದ್ದು ನನಗಲ್ಲ, ಎಂಟನೇ ಕ್ಲಾಸಲ್ಲಿರುವ ತಮ್ಮನಿಗೆ. ಅವನ ಹತ್ರ ಇದ್ದ ಪ್ಲಾಸ್ಟಿಕ್ ರೋಬೋ ಕಳೆದ ಬೇಸಿಗೆಯಲ್ಲಿ ಮಂಡಿ ಮುರಿದುಕೊಂಡಿತ್ತು. 'ಅಣ್ಣಾ, ಈ ಸಲ ಮುರೀದೇ ಇರೋದು ತಂದುಕೊಡು' ಅಂದಿದ್ದ. ಮುರಿಯದೇ ಇರೋದು ಅಂದ್ರೆ ಮೆಟಲ್ ಅಂತ ನಾನು ಅಂದುಕೊಂಡೆ.

ತಕ್ಕಡಿ ಪರೀಕ್ಷೆ

ದಸರಾ ರಜೆಗೆ ಊರಿಗೆ ಹೋದಾಗ ಬಾಕ್ಸ್ ಬಿಚ್ಚಿದೆವು. ಅಪ್ಪನಿಗೆ ಹೈವೇ ಪಕ್ಕ ಸಣ್ಣ ಕಿರಾಣಿ ಅಂಗಡಿ ಇದೆ. ಬೆಲೆ ಕೇಳಿ ಅವರು ಅಂದಿದ್ದು ಇಷ್ಟೇ: 'ಇಷ್ಟು ದುಡ್ಡಿಗೆ ಒಂದು ಹಿತ್ತಾಳೆ ಬಿಂದಿಗೆ ಬರ್ತಿತ್ತಲ್ಲೋ! ಬೇಡ ಅಂದ ದಿನ ತೂಕಕ್ಕೆ ಹಾಕಿದ್ರೂ ಅರ್ಧ ದುಡ್ಡು ವಾಪಸ್ ಬರೋದು.' ಅಪ್ಪನ ಲೆಕ್ಕ ಪಾತ್ರೆ ಅಂಗಡಿ ಲೆಕ್ಕ. ಅಲ್ಲಿ ಲೋಹದ ರೇಟು ಬೇರೆ, ಮಜೂರಿ ಬೇರೆ. ಹಾಗಾದ್ರೆ ನನ್ನ ರೋಬೋದಲ್ಲಿ ಲೋಹ ಎಷ್ಟು, ಮಜೂರಿ ಎಷ್ಟು? ಬಾಕ್ಸ್ ಮೇಲೆ ಬರೀ 'ಮೆಟಲ್' ಅಂತ ಇತ್ತು, ಎಷ್ಟು ಅಂತ ಇರಲಿಲ್ಲ.

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟೆ. 212 ಗ್ರಾಂ. ತೂಕ ಒಂದರಿಂದಲೇ ಏನೂ ಗೊತ್ತಾಗಲ್ಲ, ಗಾತ್ರವೂ ಬೇಕು. ಅದಕ್ಕೆ ಪಿಯುಸಿಯ ಆರ್ಕಿಮಿಡೀಸ್ ನೆನಪಾದ. ಒಂದು ಜಗ್ ನೀರನ್ನು ತಕ್ಕಡಿ ಮೇಲಿಟ್ಟು ರೀಡಿಂಗ್ ಸೊನ್ನೆ ಮಾಡಿದೆ. ಫಿಗರ್‌ಗೆ ದಾರ ಕಟ್ಟಿ, ತಳ ಮುಟ್ಟದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ತಮ್ಮನ ಕೈಯಲ್ಲಿ ಹಿಡಿಸಿದೆ. ಗುಳ್ಳೆಗಳು ಹೋಗುವ ತನಕ ಮೆಲ್ಲಗೆ ಅಲ್ಲಾಡಿಸಿದೆವು. ಈಗ ತಕ್ಕಡಿ ತೋರಿಸುವುದು ಫಿಗರ್‌ನ ತೂಕವಲ್ಲ, ಅದು ತಳ್ಳಿದ ನೀರಿನ ತೂಕ. ನೀರು ಒಂದು ಗ್ರಾಂಗೆ ಒಂದು ಮಿಲಿ ಲೀಟರ್ ಆದ್ದರಿಂದ ಆ ರೀಡಿಂಗೇ ಫಿಗರ್‌ನ ಗಾತ್ರ. ಬಂದಿದ್ದು 96. ಲೈಟು, ಬ್ಯಾಟರಿ ಇರುವ ಫಿಗರ್‌ಗೆ ದಯವಿಟ್ಟು ಇದನ್ನು ಮಾಡಬೇಡಿ.

212ನ್ನು 96ರಿಂದ ಭಾಗಿಸಿದರೆ ಸರಾಸರಿ ಸಾಂದ್ರತೆ ಸುಮಾರು 2.2. ಫಿಗರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಸತುವಿನ ಮಿಶ್ರಲೋಹದ ಸಾಂದ್ರತೆ ಸುಮಾರು 6.6. ಎಬಿಎಸ್ ಪ್ಲಾಸ್ಟಿಕ್‌ದು ಸುಮಾರು 1.05. ಪೂರ್ತಿ ಲೋಹ ಆಗಿದ್ದರೆ ಇದೇ ಗಾತ್ರದ ರೋಬೋ 630 ಗ್ರಾಂ ದಾಟಬೇಕಿತ್ತು, ಪೂರ್ತಿ ಪ್ಲಾಸ್ಟಿಕ್ ಆಗಿದ್ದರೆ 100 ಗ್ರಾಂ ಆಸುಪಾಸು. ನಡುವೆ ಲೆಕ್ಕ ಹಾಕಿದರೆ ಗಾತ್ರದಲ್ಲಿ ಐದನೇ ಒಂದು ಭಾಗ ಮಾತ್ರ ಲೋಹ, ಅಂದರೆ ಸುಮಾರು 132 ಗ್ರಾಂ. ಉಳಿದ 80 ಗ್ರಾಂ ಪ್ಲಾಸ್ಟಿಕ್. ಒಳಗೆಲ್ಲೋ ಗಾಳಿ ಉಳಿದಿದ್ದರೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ, ಆದರೆ ಕಥೆ ಬದಲಾಗಲ್ಲ.

ಈಗ ಪಾತ್ರೆ ಅಂಗಡಿ ಲೆಕ್ಕ. ಈ ಮಿಶ್ರಲೋಹಕ್ಕೆ ಕೆಜಿಗೆ ಮುನ್ನೂರು ರೂಪಾಯಿ ಅಂತ ಹಿಡಿದರೂ 132 ಗ್ರಾಂಗೆ ಸುಮಾರು 40 ರೂಪಾಯಿ. ನಾನು ಮೆಟಲ್ ಅಂತ ಹೆಚ್ಚಿಗೆ ಕೊಟ್ಟಿದ್ದು 1,800.

ಹಾಗಾದ್ರೆ ಉಳಿದ ದುಡ್ಡು ಎಲ್ಲಿ ಹೋಯ್ತು?

ಮೋಸ ಅಂತ ತಕ್ಷಣ ಹೇಳೋಕಾಗಲ್ಲ. ಮೊದಲು ತಯಾರಿಕೆ ನೋಡೋಣ. ಪ್ಲಾಸ್ಟಿಕ್ ಫಿಗರ್ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಆಗುತ್ತೆ. ಬಿಸಿ ಮಾಡಿ ಮೆತ್ತಗಾದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುತ್ತಾರೆ. ಬಣ್ಣವನ್ನು ಪ್ಲಾಸ್ಟಿಕ್ಕಿಗೇ ಬೆರೆಸಬಹುದು, ಹಾಗಾಗಿ ಭಾಗ ಅಚ್ಚಿಂದ ಹೊರಗೆ ಬರುವಾಗಲೇ ಕೆಂಪೋ ನೀಲಿಯೋ ಆಗಿರುತ್ತೆ.

ಮೆಟಲ್‌ದು ಡೈ ಕಾಸ್ಟಿಂಗ್, ಅಂದರೆ ಒತ್ತಡದ ಎರಕ. ಇದಕ್ಕೆ ಬಳಸುವ ಸತುವಿನ ಮಿಶ್ರಲೋಹಕ್ಕೆ ಜಮಾಕ್ ಅಂತ ಹೆಸರು. ಸತು, ಅಲ್ಯೂಮಿನಿಯಂ, ಮೆಗ್ನೀಶಿಯಂ, ತಾಮ್ರ ಇವುಗಳ ಜರ್ಮನ್ ಹೆಸರುಗಳಿಂದ ಅಕ್ಷರ ತೆಗೆದು ಮಾಡಿದ ಹೆಸರು ಅದು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ಇದನ್ನು ತಂದಿತು. ಹೆಚ್ಚು ಬಳಕೆಯಲ್ಲಿರುವ ಜಮಾಕ್ 3ರಲ್ಲಿ ಅಲ್ಯೂಮಿನಿಯಂ ಸುಮಾರು 4 ಶೇಕಡಾ. ಸುಮಾರು 385 ಡಿಗ್ರಿಗೆ ಕರಗುತ್ತೆ, ಸಣ್ಣ ಸಣ್ಣ ಗೆರೆಗಳನ್ನೂ ಚೆನ್ನಾಗಿ ತುಂಬಿಕೊಳ್ಳುತ್ತೆ. ಆದರೆ ಎರಕ ಆದ ಮೇಲೆ ಕೆಲಸ ಶುರು. ಅಂಚಿನ ಹೆಚ್ಚುವರಿ ಲೋಹ ತೆಗೆಯಬೇಕು, ಉಜ್ಜಬೇಕು, ಪ್ರೈಮರ್ ಹಚ್ಚಬೇಕು, ಆಮೇಲೆ ಪೇಂಟ್ ಅಥವಾ ಪ್ಲೇಟಿಂಗ್. ಪ್ರತಿ ಹೆಜ್ಜೆಗೂ ಕೈ ಬೇಕು, ಸಮಯ ಬೇಕು. ಕೊಳ್ಳುವವರೂ ಕಮ್ಮಿ, ಹಾಗಾಗಿ ಅಚ್ಚಿನ ಖರ್ಚು ಕಮ್ಮಿ ಪೀಸುಗಳ ಮೇಲೆ ಹಂಚಿಕೆ ಆಗುತ್ತೆ.

ಇನ್ನೊಂದು ಕಾರಣ ನಮ್ಮ ದೇಶದ್ದೇ. ಆಟಿಕೆಗಳ ಆಮದು ಸುಂಕ 2020ರಲ್ಲಿ 20 ಶೇಕಡಾದಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಸುಂಕ ಬೀಳುವುದು ಬೆಲೆಯ ಮೇಲೆ. ಹೊರದೇಶದಲ್ಲಿ ಎರಡು ಫಿಗರ್‌ಗಳ ನಡುವಿನ ವ್ಯತ್ಯಾಸ 500 ರೂಪಾಯಿ ಇದ್ದರೆ, 70 ಶೇಕಡಾ ಸುಂಕ ಸೇರಿ ಇಲ್ಲಿ ಅದು 850 ಆಗುತ್ತೆ. ಮೇಲೆ ತೆರಿಗೆ, ಅಂಗಡಿ ಲಾಭ ಬೇರೆ. ಈ ದುಡ್ಡು ಲೋಹಕ್ಕೂ ಅಲ್ಲ, ಕೆಲಸಕ್ಕೂ ಅಲ್ಲ.

ಮಜೂರಿಗೆ ದುಡ್ಡು ಕೊಡುವುದು ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಬೀದರ್‌ನ ಬಿದ್ರಿ ಕಲೆಯನ್ನೇ ನೋಡಿ. ಅದರ ಮೂಲ ಲೋಹವೂ ಸತುವೇ, ಜೊತೆಗೆ ಸ್ವಲ್ಪ ತಾಮ್ರ. ನನ್ನ ರೋಬೋಗೂ ಬಿದ್ರಿ ಹೂದಾನಿಗೂ ಲೋಹದಲ್ಲಿ ನೆಂಟಸ್ತನ ಇದೆ! ಆದರೆ ಬಿದ್ರಿಯಲ್ಲಿ ಕೈಯಿಂದ ಗೆರೆ ಕೆತ್ತಿ, ಅದರೊಳಗೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬಳಸಿ ಕಪ್ಪು ಮಾಡುತ್ತಾರೆ. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಲ್ಲಿ ಯಾರೂ ಸತುವಿನ ರೇಟು ಕೇಳಲ್ಲ, ಕೆಲಸ ಕಣ್ಣಿಗೆ ಕಾಣುತ್ತೆ. ಹಾಗಾದರೆ ಫಿಗರ್ ಕೊಳ್ಳುವಾಗಲೂ ಕೇಳಬೇಕಾದ ಪ್ರಶ್ನೆ 'ಮೆಟಲ್ಲಾ?' ಅಂತ ಅಲ್ಲ. 'ಆ ಮೆಟಲ್ ಏನು ಕೆಲಸ ಮಾಡ್ತಿದೆ?' ಅಂತ.

ಮೆಟಲ್ ಎಲ್ಲಿದೆ?

ನನ್ನ ರೋಬೋದಲ್ಲಿ ಎದೆಯ ಕವಚ, ಭುಜದ ಪಟ್ಟಿ, ತೊಡೆ ಇವು ಲೋಹ. ಪಾದ ಪ್ಲಾಸ್ಟಿಕ್. ಮಂಡಿಯ ಜಾಯಿಂಟ್, ಅಂದರೆ ತಮ್ಮನ ಹಳೇ ರೋಬೋ ಮುರಿದಿದ್ದ ಅದೇ ಜಾಗ, ಅದೂ ಪ್ಲಾಸ್ಟಿಕ್ಕೇ! ಲೋಹ ಇದ್ದಿದ್ದು ಕಣ್ಣಿಗೆ ಕಾಣುವ ಜಾಗದಲ್ಲಿ, ಭಾರ ಹೊರುವ ಜಾಗದಲ್ಲಿ ಅಲ್ಲ.

ಇದು ಬರೀ ವ್ಯರ್ಥ ಅಲ್ಲ, ಹಾನಿ ಕೂಡ. ಒಂದೇ ಅಳತೆಯ ತೋಳನ್ನು ಪ್ಲಾಸ್ಟಿಕ್ ಬದಲು ಸತುವಿನಲ್ಲಿ ಮಾಡಿದರೆ ತೂಕ ಆರು ಪಟ್ಟು, ಭುಜದ ಜಾಯಿಂಟ್ ಮೇಲೆ ಬೀಳುವ ಟಾರ್ಕ್ ಕೂಡ ಆರು ಪಟ್ಟು. ಅದೇ ಥರ ಮೇಲೆ ಭಾರದ ಎದೆ, ಕೆಳಗೆ ಹಗುರದ ಪಾದ ಇದ್ದರೆ ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತೆ, ಫಿಗರ್ ಸುಲಭವಾಗಿ ಬೀಳುತ್ತೆ. ಬಿದ್ದಾಗಲೂ ನಷ್ಟ ಜಾಸ್ತಿ. ಮುಕ್ಕಾಲು ಮೀಟರ್ ಎತ್ತರದ ಟೇಬಲ್‌ನಿಂದ 100 ಗ್ರಾಂ ಫಿಗರ್ ಬಿದ್ದರೆ ಮುಕ್ಕಾಲು ಜೌಲ್‌ಗಿಂತ ಸ್ವಲ್ಪ ಕಮ್ಮಿ ಶಕ್ತಿ, 212 ಗ್ರಾಂದು ಬಿದ್ದರೆ ಒಂದೂವರೆ ಜೌಲ್. ಪ್ಲಾಸ್ಟಿಕ್ ಸ್ವಲ್ಪ ಬಗ್ಗಿ ಸುಧಾರಿಸಿಕೊಳ್ಳುತ್ತೆ. ಲೋಹದ ಮೇಲಿನ ಪೇಂಟ್ ಚಕ್ಕೆ ಏಳುತ್ತೆ. ನಮ್ಮದು ಒಂದು ತಿಂಗಳಲ್ಲಿ ಮಂಡಿ ಸಡಿಲ ಆಗಿ ಕುಕ್ಕರುಗಾಲಲ್ಲಿ ಕೂರೋಕೆ ಶುರು ಮಾಡ್ತು. ತಮ್ಮ ಬೈಯಲಿಲ್ಲ, ಗೋಡೆಗೆ ಒರಗಿಸಿ ಇಟ್ಟಿದ್ದಾನೆ. ಅದೇ ಜಾಸ್ತಿ ಬೇಜಾರು.

ಸರಿಯಾಗಿ ಮಾಡಿದರೆ ಹೇಗಿರುತ್ತೆ? ಜಪಾನಿನಲ್ಲಿ 1974ರಲ್ಲಿ ಪೋಪಿ ಅನ್ನೋ ಕಂಪನಿ ಮಜಿಂಗರ್ ಜೆಡ್ ಅನ್ನೋ ರೋಬೋದ ಡೈ ಕಾಸ್ಟ್ ಫಿಗರ್ ತಂದಿತು. ಆ ಸಾಲಿನ ಹೆಸರು ಚೋಗೋಕಿನ್, ಅಂದರೆ ಸೂಪರ್ ಮಿಶ್ರಲೋಹ. 1997ರಿಂದ ಬಂಡಾಯ್ ಕಂಪನಿ ಅದನ್ನೇ ದೊಡ್ಡವರ ಸಂಗ್ರಹಕ್ಕೆ ಅಂತ 'ಸೋಲ್ ಆಫ್ ಚೋಗೋಕಿನ್' ಹೆಸರಲ್ಲಿ ತರುತ್ತಿದೆ. ಮೆಟಲ್ ಹುಚ್ಚಿಗೆ ಇದೇ ಮೂಲಸ್ಥಾನ ಅನ್ನಬಹುದು. ಆದರೆ ಅವೂ ಪೂರ್ತಿ ಲೋಹ ಅಲ್ಲ, ಡೈ ಕಾಸ್ಟ್ ಮತ್ತು ಪ್ಲಾಸ್ಟಿಕ್ ಎರಡೂ ಸೇರಿಯೇ ಇರುತ್ತವೆ. ಐದನೇ ಒಂದು ಭಾಗ ಲೋಹ ಇರುವುದು ತಪ್ಪಲ್ಲ. ಅದು ಪಾದದಲ್ಲಿ, ಜಾಯಿಂಟ್‌ನಲ್ಲಿ ಇರಬೇಕು ಅಷ್ಟೇ.

ನಮ್ಮೂರ ಕಡೆ ಹೈವೇಯಲ್ಲಿ ಹೋಗುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣ್ತವೆ. ಚಿಕ್ಕಂದಿನಿಂದ ನೋಡಿದ್ದೇನೆ, ಈಗ ಅರ್ಥ ಆಗಿದ್ದು. ಅದರ ಕಂಬ ಉಕ್ಕು, ಯಾಕಂದ್ರೆ ಅದು ಭಾರ ಹೊರಬೇಕು. ರೆಕ್ಕೆ ಮಾತ್ರ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್, ಯಾಕಂದ್ರೆ ಅದು ಹಗುರವಾಗಿ ತಿರುಗಬೇಕು. ರೆಕ್ಕೆ ಪ್ಲಾಸ್ಟಿಕ್ಕು ಅಂತ ಯಾರೂ ಅದನ್ನು ಕೀಳಾಗಿ ನೋಡಲ್ಲ.

'ಮೆಟಲ್ ಶಾಶ್ವತ' ಅನ್ನೋದು ನಿಜಾನಾ?

ಅರ್ಧ ನಿಜ. 1930ರ ದಶಕದ ಎಷ್ಟೋ ಸತುವಿನ ಆಟಿಕೆ ಕಾರು, ರೈಲುಗಳು ತಾವಾಗೇ ಬಿರುಕು ಬಿಟ್ಟು, ಊದಿ, ಪುಡಿ ಆಗಿವೆ. ಇದಕ್ಕೆ ಜಿಂಕ್ ಪೆಸ್ಟ್ ಅಂತಾರೆ. ಸತುವಿನಲ್ಲಿ ಸೀಸದಂಥ ಕಲ್ಮಶ ಸ್ವಲ್ಪ ಸೇರಿದ್ದರೂ, ತೇವಾಂಶ ಇದ್ದಾಗ ಲೋಹದ ಕಣಗಳ ನಡುವೆ ತುಕ್ಕು ಹರಡುತ್ತೆ. ಇದಕ್ಕೆ ಔಷಧಿ ಇಲ್ಲ. ಈಗ 99.99 ಶೇಕಡಾ ಶುದ್ಧ ಸತು ಬಳಸಿದರೆ ಈ ಭಯ ಇಲ್ಲ, ಆದರೆ ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ಏನು ಹಾಕಿದ್ದಾರೆ ಅಂತ ಯಾರು ನೋಡಿದ್ದಾರೆ?

ಪ್ಲಾಸ್ಟಿಕ್‌ನ ಶತ್ರು ಬಿಸಿಲು. ಪಿವಿಸಿಯನ್ನು ಮೆತ್ತಗೆ ಮಾಡೋಕೆ ಸೇರಿಸಿದ ಪ್ಲಾಸ್ಟಿಸೈಸರ್ ವರ್ಷಗಳಾದ ಮೇಲೆ ಹೊರಗೆ ಬಂದು ಫಿಗರ್ ಅಂಟಂಟಾಗುತ್ತೆ. ಬಿಸಿಯಲ್ಲಿ ಕಾಲು ನಿಧಾನಕ್ಕೆ ಬಾಗುತ್ತೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಶೀಟಿನ ಮನೆಯೊಳಗೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಅಂಥ ಜಾಗದಲ್ಲಿ ನಿಲ್ಲಿಸಿ ಇಡುವ ಫಿಗರ್‌ಗೆ ಕಾಲಲ್ಲಿ ಲೋಹ ಇದ್ದರೆ ನಿಜವಾಗಲೂ ಉಪಯೋಗ.

ಕೊಳ್ಳುವ ಮುಂಚೆ

ನನ್ನ 1,800 ರೂಪಾಯಿಯಿಂದ ಕಲಿತಿದ್ದು ಇಷ್ಟು, ನಿಮಗೆ ಫ್ರೀ:

ತೂಕ ಮತ್ತು ಎತ್ತರ ಎರಡೂ ಕೇಳಿ. ತೂಕ ಬರೆಯದೆ ಬರೀ 'ಮೆಟಲ್' ಅಂತ ಬರೆದಿದ್ದರೆ ಅನುಮಾನ ಪಡಿ.

ಮಂಡಿ, ಸೊಂಟ, ಪಾದ ಯಾವುದರದ್ದು ಅಂತ ಕೇಳಿ. ಇವು ಮೂರೂ ಪ್ಲಾಸ್ಟಿಕ್ ಆಗಿದ್ದು ಎದೆ ಮಾತ್ರ ಲೋಹ ಅಂದರೆ, ಪ್ಲಾಸ್ಟಿಕ್ ಆವೃತ್ತಿಯೇ ವಾಸಿ.

ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡಬೇಡಿ. ಸತು ಆಯಸ್ಕಾಂತಕ್ಕೆ ಅಂಟಲ್ಲ, ಅಂಟಿದರೆ ಅದು ಒಳಗಿನ ಉಕ್ಕಿನ ಸ್ಕ್ರೂ. ಬದಲಿಗೆ ಮುಟ್ಟಿ ನೋಡಿ. ಲೋಹ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ತಣ್ಣಗಿರುತ್ತೆ. ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ ಹಾಗಿರಲ್ಲ.

ಮನುಷ್ಯರ ಫಿಗರ್, ಅಂದರೆ ಮುಖ, ಕೂದಲು, ಬಟ್ಟೆಯ ಮಡಿಕೆ ಮುಖ್ಯ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಪ್ಲಾಸ್ಟಿಕ್ ತಗೊಳ್ಳಿ. ಮೆಟಲ್ ಶೋಭಿಸುವುದು ರೋಬೋ, ಗಾಡಿ, ಕವಚ ಇಂಥವಕ್ಕೆ.

ಮರುಮಾರಾಟದ ಆಸೆಗೆ ಮೆಟಲ್ ಕೊಳ್ಳಬೇಡಿ. ಹಿತ್ತಾಳೆ ಬಿಂದಿಗೆಗೆ ತೂಕದ ಬೆಲೆ ಇದೆ, ನಮ್ಮ ರೋಬೋಗೆ 40 ರೂಪಾಯಿ.

ಒಟ್ಟಿನಲ್ಲಿ ನನ್ನ ಉತ್ತರ: ಲೋಹ ಭಾರ ಹೊರುವ ಜಾಗದಲ್ಲಿದ್ದರೆ ಹೆಚ್ಚಿನ ಬೆಲೆ ಕೊಡಬಹುದು. ಕೈಯಲ್ಲಿ ಹಿಡಿದಾಗ ಭಾರ ಅನ್ನಿಸುವ ಖುಷಿಗೂ ಸ್ವಲ್ಪ ಕೊಡಬಹುದು, ಆ ಖುಷಿ ಸುಳ್ಳಲ್ಲ. ಆದರೆ 'ಮೆಟಲ್' ಅನ್ನೋ ಪದಕ್ಕೆ ದುಪ್ಪಟ್ಟು ಕೊಡಬೇಡಿ.

ಮುಂದಿನ ರಜೆಯಲ್ಲಿ ಕಾಲೇಜಿನ ವರ್ಕ್‌ಶಾಪ್‌ನಿಂದ ಸಣ್ಣ ಹಿತ್ತಾಳೆ ಕಡ್ಡಿ ತಗೊಂಡು ಹೋಗಿ ಆ ಮಂಡಿಗೆ ಹೊಸ ಪಿನ್ ಹಾಕೋಣ ಅಂತಿದ್ದೀನಿ. ಕಡ್ಡಿಗೆ ಹತ್ತೋ ಇಪ್ಪತ್ತೋ ರೂಪಾಯಿ ಆಗಬಹುದು. ನಿಮ್ಮ ಹತ್ರನೂ ಮೆಟಲ್ ಫಿಗರ್ ಇದ್ದರೆ ಜಗ್ಗು, ದಾರ, ತಕ್ಕಡಿ ಹಿಡಿದು ಒಂದು ಸಲ ಲೆಕ್ಕ ಹಾಕಿ. ಬಂದ ಅಂಕಿಗಳನ್ನು ನಮ್ಮ ಕನ್ನಡ ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪಟ್ಟಿ ಮಾಡಿ ಹಾಕೋಣ.